ಊರೇ ತಿದ್ದಿದ ನಾಟಕ

ಒಬ್ಬರು ಬರೆದ ನಾಟಕವನ್ನು ಕೆಲವರು ಕಲಿತು ಆಡುವುದು, ಉಳಿದವರು ನೋಡುವುದು ನಮಗೆಲ್ಲ ಪರಿಚಿತವಾದ ಪದ್ಧತಿ. ನೋಡತಕ್ಕವರೇ ರಚನೆಯಲ್ಲಿಯೂ ಪಾಲ್ಗೊಂಡು, ತಪ್ಪಿದಲ್ಲಿ ತಿದ್ದುವ ಇನ್ನೊಂದು ಪದ್ಧತಿಯೂ ಉಂಟು. ಅದರ ಶಕ್ತಿ ಎಷ್ಟು, ಅದಕ್ಕೆ ತೆರಬೇಕಾದ ಬೆಲೆ ಎಂಥದು ಎಂಬುದನ್ನು ಆಫ್ರಿಕಾ ಖಂಡದ ಕೀನ್ಯಾ ದೇಶದ ಕಮಿರೀಥು ಎಂಬ ಹಳ್ಳಿಯ ವೃತ್ತಾಂತದಿಂದ ಅರಿಯಬಹುದು.

ಈ ಹಳ್ಳಿ ರಾಜಧಾನಿ ನೈರೋಬಿಗೆ ಸಮೀಪದ ಲಿಮೂರು ಪ್ರದೇಶದಲ್ಲಿದೆ. ತೋಟದ ಕೂಲಿಗಳು, ಕಾರ್ಖಾನೆಯ ಕಾರ್ಮಿಕರು, ತುಂಡು ಭೂಮಿಯ ರೈತರು ಅಲ್ಲಿಯ ನಿವಾಸಿಗಳು. 1976ರಲ್ಲಿ ಆ ಊರಿನ ಹೆಣ್ಣುಮಗಳೊಬ್ಬಳು, ಪ್ರಾಧ್ಯಾಪಕರೂ ಪ್ರಸಿದ್ಧ ಕಾದಂಬರಿಕಾರರೂ ಆಗಿದ್ದ ಗೂಗಿ ವಾ ಥಿಯಾಂಗೊ ಅವರ ಮನೆಗೆ ಬಂದು, ಕಲಿತ ವಿದ್ಯೆಯಲ್ಲಿ ಊರಿಗೂ ಒಂದು ಪಾಲು ಕೊಡಬಾರದೇ ಎಂದು ಕೇಳಿದಳು. ಒಮ್ಮೆ ಕೇಳಿ ಸುಮ್ಮನಾಗದೆ ಮತ್ತೆ ಮತ್ತೆ ಬಂದು ಕೇಳಿದಳು. ಗೂಗಿಯವರು ಹಳ್ಳಿಯ ಶಿಕ್ಷಣ ಮತ್ತು ಸಂಸ್ಕೃತಿ ಕೇಂದ್ರವನ್ನು ಸೇರಿದ್ದು ಹೀಗೆ. ಮೊದಲು ವಯಸ್ಕರ ಅಕ್ಷರಾಭ್ಯಾಸ ನಡೆಯಿತು. ಅದರ ಬೆನ್ನಿಗೇ ನಾಟಕ ಬಂದಿತು.

ಅದುವರೆಗೆ ಅವರ ಕಾದಂಬರಿ, ನಾಟಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆ ಭಾಷೆಯನ್ನರಿಯದ ಜನರೊಡನೆ ನಾಟಕ ಕಟ್ಟಬೇಕಾದಾಗ ತಾಯ್ನುಡಿಯಾದ ಗಿಕುಯುವಿಗೆ ಮರಳುವುದು ಅನಿವಾರ್ಯವಾಯಿತು. ಗೂಗಿ ವಾ ಮಿರೀ ಎಂಬ ಸಹೋದ್ಯೋಗಿಯೊಡನೆ ಅವರು ಕರಡನ್ನು ಸಿದ್ಧಪಡಿಸಿ ಊರವರ ಮುಂದಿಟ್ಟರು. ಒಂದೂವರೆ ಎಕರೆ ಭೂಮಿಯ ಬಡ ಕುಟುಂಬವೊಂದು ಶ್ರೀಮಂತರ ಸಂಚಿಗೆ ಸಿಲುಕಿ ಅದನ್ನೂ ಕಳೆದುಕೊಳ್ಳುವುದೇ ಅದರ ಕಥೆ. ಅದು ಊರವರ ಸ್ವಂತ ಅನುಭವವಾಗಿದ್ದುದರಿಂದ ತಿದ್ದುವ ಅಧಿಕಾರವೂ ಅವರದಾಯಿತು. ವೃದ್ಧನ ಬಾಯಲ್ಲಿ ಇಂಥ ಮಾತು ಬಾರದೆಂದು ಹಿರಿಯರು ವಿದ್ಯಾವಂತರನ್ನೇ ಗದರಿಸಿದರು. ಓದು ಬಾರದ ಅಜ್ಜಿಯೊಬ್ಬಳು ಮದುವೆಯ ಸಾಂಪ್ರದಾಯಿಕ ಹಾಡನ್ನು ಒದಗಿಸಿದಳು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ನಿಜವಾದ ಬಂದೂಕುಗಳನ್ನು ಗುಟ್ಟಾಗಿ ತಯಾರಿಸುತ್ತಿದ್ದವನೇ ನಾಟಕದ ಹುಸಿ ಬಂದೂಕುಗಳ ಮೇಲ್ವಿಚಾರಕನಾದನು.

ತಾಲೀಮು ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ ನಡೆಯುತ್ತಿತ್ತು. ನಿಂತು ನೋಡುವವರೂ ಸಲಹೆ ಕೊಡುತ್ತಿದ್ದರು. ರಂಗಮಂದಿರವನ್ನು ಕಟ್ಟಿದವರೂ ಅವರೇ. ಮೊದಲು ಬೆಂಕಿಕಡ್ಡಿಗಳಿಂದ ಮಾದರಿಯೊಂದನ್ನು ರಚಿಸಿ, ಬಳಿಕ ಸುಮಾರು 2,000 ಜನ ಕೂಡಬಹುದಾದ ಬಯಲು ರಂಗಮಂದಿರವನ್ನು ಶ್ರಮದಾನದಿಂದ ನಿರ್ಮಿಸಿದರು. 1977ರ ಅಕ್ಟೋಬರಿನಲ್ಲಿ ಪ್ರದರ್ಶನ ಆರಂಭವಾಯಿತು. ಜನ ಕಿಕ್ಕಿರಿದು ಬಂದರು.

ಕೆಲವೇ ವಾರಗಳಲ್ಲಿ ಸರ್ಕಾರ ಪ್ರದರ್ಶನದ ಪರವಾನಗಿಯನ್ನು ಕಿತ್ತುಕೊಂಡಿತು. ಡಿಸೆಂಬರ್ 31ರಂದು ಗೂಗಿಯವರ ಬಂಧನವಾಯಿತು. ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಅವರು ಸೆರೆಯಲ್ಲಿದ್ದರು. 1982ರಲ್ಲಿ ಪೊಲೀಸರು ರಂಗಮಂದಿರವನ್ನೇ ನೆಲಸಮ ಮಾಡಿದರು. ಇಲ್ಲೊಂದು ಸಂಗತಿ ಗಮನಾರ್ಹ. ಅದೇ 1977ರಲ್ಲಿ ಪ್ರಕಟವಾದ ಗೂಗಿಯವರ ಇಂಗ್ಲಿಷ್ ಕಾದಂಬರಿಯ ಟೀಕೆಯೂ ಕಟುವಾಗಿಯೇ ಇತ್ತು; ಆದರೆ ಅದಕ್ಕೆ ನಿಷೇಧ ಬರಲಿಲ್ಲ. ಆಳುವವರನ್ನು ಕಂಗೆಡಿಸಿದ್ದು ಟೀಕೆ ಮಾತ್ರವಲ್ಲ. ಆ ಟೀಕೆ ಜನರ ಸ್ವಂತ ನುಡಿಯಲ್ಲಿ ಜನರ ಬಾಯಿಂದಲೇ ಬಂದದ್ದು.

ಬಂಧನವಾದರೂ ಕಲಿತದ್ದು ಅಳಿಯಲಿಲ್ಲ. ಸೆರೆಮನೆಯಲ್ಲಿ ಗೂಗಿಯವರು ಗಿಕುಯು ಭಾಷೆಯ ತಮ್ಮ ಮೊದಲ ಕಾದಂಬರಿಯನ್ನು ಶೌಚದ ಕಾಗದದ ಮೇಲೆ ಬರೆದರು. ಕಮಿರೀಥುವಿನಲ್ಲಿ ತಾವು ಶಿಕ್ಷಕರಲ್ಲ, ವಿದ್ಯಾರ್ಥಿಗಳೆಂದು 2025ರಲ್ಲಿ ನಿಧನರಾದ ಆ ಹಿರಿಯ ಲೇಖಕರು ವಿನಯದಿಂದ ಒಪ್ಪಿಕೊಂಡಿದ್ದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕವಾಡಿಸುವ ಶಿಕ್ಷಕ ಬಂಧುಗಳಿಗೆ ಇದರಲ್ಲಿ ಒಂದು ಪಾಠವಿದೆ. ಸಿದ್ಧ ಪುಸ್ತಕವನ್ನು ಹುಡುಕುವ ಮೊದಲು ಮಕ್ಕಳ ಮನೆಯ ಹಿರಿಯರನ್ನು ಶಾಲೆಗೆ ಕರೆಯೋಣ. ಕರಡನ್ನು ಅವರ ಮುಂದೆ ಓದೋಣ. ಅವರು ತಪ್ಪು ತೋರಿಸಿದಾಗ ತಿದ್ದಿಕೊಳ್ಳುವ ವಿನಯ ನಮಗಿರಲಿ. ನಾಟಕ ಊರಿನದಾಗುವುದು ಅಲ್ಲಿಂದಲೇ.