ಗಾದೆಯ ತೀರ್ಪು ಮತ್ತು ಹಿರಿಯರ ಮನೋಚಿಕಿತ್ಸೆ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಕನ್ನಡ ನಾಡಿನಾದ್ಯಂತ ಬಳಕೆಯಲ್ಲಿದೆ. ಜನರು ತಮಾಷೆಗೆ ಆಡುವ ಈ ಮಾತು ಚಿಕಿತ್ಸಕರ ಮನಸ್ಸಿನಲ್ಲಿ ತೀರ್ಪಾಗಿ ಕುಳಿತರೆ, ಗುಣವಾಗಬಹುದಾದ ಕಾಯಿಲೆಯೂ ಗುಣವಾಗದೆ ಉಳಿಯುತ್ತದೆ. ಮುಪ್ಪಿನ ಖಿನ್ನತೆ ಕೆಲವೊಮ್ಮೆ ಮರೆವಿನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಆ ಮರೆವನ್ನು 'ವಯೋಧರ್ಮ'ವೆಂದು ಬದಿಗಿರಿಸಿದಲ್ಲಿ ಅದರ ಹಿಂದಿನ ಖಿನ್ನತೆ ಪತ್ತೆಯಾಗುವುದೇ ಇಲ್ಲ. ಆದ್ದರಿಂದ ಹಿರಿಯರೊಡನೆ ಕೆಲಸ ಮಾಡುವ ಚಿಕಿತ್ಸಕರ ತರಬೇತಿ ಅವರವರೇ ಕೇಳಿ ಬೆಳೆದ ಗಾದೆಗಳ ಪರಿಶೀಲನೆಯಿಂದ ಆರಂಭವಾಗುವುದು ಉಚಿತ.

ಈ ಪೂರ್ವಗ್ರಹ ಜನಪದರಿಗಷ್ಟೇ ಸೀಮಿತವಲ್ಲ. ಐವತ್ತರ ಆಸುಪಾಸು ದಾಟಿದವರ ಮನಸ್ಸಿಗೆ ಚಿಕಿತ್ಸೆಗೆ ಬೇಕಾದ ಬಾಗುವ ಗುಣ ಸಾಮಾನ್ಯವಾಗಿ ಇರುವುದಿಲ್ಲವೆಂದು ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಹೇಳಿದ್ದರು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂಬುದರ ವಿಯೆನ್ನಾ ಪಾಠಾಂತರವಿದು! ಆಗ ಅವರಿಗೇ ಐವತ್ತು ಸಮೀಪಿಸಿತ್ತು. ಹಿರಿಯರು ಹಳೆಯದನ್ನು ಮೆಲುಕು ಹಾಕುವುದು ಬುದ್ಧಿ ಕುಂದಿದ ಲಕ್ಷಣವಲ್ಲ, ಬದುಕನ್ನು ಮರಳಿ ಪರಿಶೀಲಿಸುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರತಿಪಾದಿಸಿದರು. 1969ರಲ್ಲಿ ವಯೋತಾರತಮ್ಯಕ್ಕೆ 'ಏಜಿಸಂ' ಎಂಬ ಹೆಸರಿತ್ತವರೂ ಅವರೇ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ವಸತಿ ಪ್ರದೇಶದಲ್ಲಿ ಬಟ್ಲರ್ ಅವರ ವಿಚಾರಕ್ಕೆ ಸ್ಥಳೀಯ ರೂಪ ಬೇಕಾಗುತ್ತದೆ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾದ ಊರಿದು. ಗಿರಣಿಯ ಪಾಳಿ, ಕೂಲಿ, ಮುಚ್ಚಿದ ಬಾಗಿಲುಗಳ ಕಥನವನ್ನು ತಾಳ್ಮೆಯಿಂದ ಕೇಳುವವರಿಗೆ ಹಿರಿಯರು ಕಳೆದುಕೊಂಡದ್ದರ ಜೊತೆಗೆ ಅದನ್ನು ತಾಳಿಕೊಂಡ ಬಗೆಯೂ ಗೋಚರಿಸುತ್ತದೆ. ಚಿಕಿತ್ಸೆ ನಿಲ್ಲಬೇಕಾದುದು ಈ ಎರಡನೆಯದರ ಮೇಲೆ. 'ಏನೂ ಆಗಿಲ್ಲ, ಧೈರ್ಯವಾಗಿರಿ' ಎಂಬ ಉಪಚಾರದ ಮಾತು ಸಕಾರಾತ್ಮಕ ಚಿಕಿತ್ಸೆಯಲ್ಲ.

ಸಂಬೋಧನೆಯೂ ತರಬೇತಿಯ ಭಾಗವೇ. 'ಇವರಿಗೆ ಏನು ತೊಂದರೆ?' ಎಂದು ಜೊತೆಗೆ ಬಂದ ಮಗನನ್ನು ಕೇಳುವ ರೂಢಿ ಬಿಡಬೇಕು. 'ಅಜ್ಜಿ' ಎಂಬುದು ಆತ್ಮೀಯ ಪದವೇ ಹೌದು. ಆದರೆ ಮೂವತ್ತು ವರ್ಷ 'ಟೀಚರ್' ಎನಿಸಿಕೊಂಡವರಿಗೆ ಅದು ಹಿತವೆನಿಸದೆ ಇರಬಹುದು. ಹಿರಿಯರು 'ಖಿನ್ನತೆ' ಎಂಬ ಪದವನ್ನು ಬಳಸುವುದು ವಿರಳ. 'ಎದೆ ಭಾರ', 'ಬೇಜಾರು', 'ಜೀವ ಸಾಕಾಗಿದೆ' ಎನ್ನುತ್ತಾರೆ. ಈ ಕೊನೆಯ ಮಾತನ್ನು ಮುಪ್ಪಿನ ಗೊಣಗಾಟವೆಂದು ತೇಲಿಸುವಂತಿಲ್ಲ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಬೇಕು.

'ನಮಗಿನ್ನು ಅರಳು ಮರಳು ಬಿಡಿ' ಎಂದು ಹಿರಿಯರೇ ನಗುವುದುಂಟು. ಅದು ಬರಿಯ ಹಾಸ್ಯವಿರಬಹುದು, ಒಲ್ಲದ ಪ್ರಶ್ನೆಯಿಂದ ಜಾರಿಕೊಳ್ಳುವ ಉಪಾಯವಿರಬಹುದು, ಮರೆವಿನ ನಿಜವಾದ ಭಯವೂ ಇರಬಹುದು. ಜೊತೆಗೆ ನಗುವ ಮೊದಲು ಚಿಕಿತ್ಸಕರು ಕೇಳಬೇಕಾದ ಪ್ರಶ್ನೆ ಒಂದೇ: 'ಯಾವಾಗಿನಿಂದ ಹಾಗನಿಸುತ್ತಿದೆ?'