ಸೈಕಲ್ಲಿನ ರಿಮ್ಮಿಗೆ ಬಲವೆಲ್ಲಿಂದ?

ಹೊಸದಾಗಿ ಸೈಕಲ್ಲು ಕಲಿತ ವಿದ್ಯಾರ್ಥಿಯೊಬ್ಬನು ಚಕ್ರಗಳನ್ನು ಆರಿಸಲು ಅಂಗಡಿಗೆ ಹೋದನೆನ್ನೋಣ. ಅವನು ರಿಮ್ಮಿನ ಹೊಳಪನ್ನು ನೋಡುತ್ತಾನೆ, ಕೈಯಲ್ಲೆತ್ತಿ ಹಗುರವೋ ಭಾರವೋ ಎಂದು ತೂಗುತ್ತಾನೆ, ಬೆಲೆಯನ್ನು ಕೇಳುತ್ತಾನೆ. ಆದರೆ ಹೊಸ ಸವಾರನ ಚಕ್ರಕ್ಕೆ ಒದಗುವ ಕಷ್ಟಗಳು ಬೇರೆ. ಗುಂಡಿಯನ್ನು ತಪ್ಪಿಸುವ ಜಾಣ್ಮೆ ಅವನಿಗಿನ್ನೂ ಬಂದಿಲ್ಲ. ಸೀಟಿನಿಂದ ತುಸು ಮೇಲೆದ್ದು ಪೆಟ್ಟನ್ನು ಮೊಣಕಾಲುಗಳಲ್ಲಿ ಅಡಗಿಸಿಕೊಳ್ಳುವುದು ತಿಳಿಯದು. ತಿರುವಿನಲ್ಲಿ ಒಮ್ಮೊಮ್ಮೆ ಬೀಳುವುದೂ ಉಂಟು. ಈ ಪೆಟ್ಟುಗಳನ್ನೆಲ್ಲ ರಿಮ್ಮು ತಾಳಬೇಕು. ಇಳಿಜಾರಿನಲ್ಲಿ ಮುಂದಿನ ಚಕ್ರವು ಸೊಟ್ಟಗಾದರೆ ಸವಾರನ ಕೈ ಮುರಿಯಲು ಒಂದು ಕ್ಷಣ ಸಾಕು. ಆದುದರಿಂದ ರಿಮ್ಮಿಗೆ ಬಲವು ಎಲ್ಲಿಂದ ಬರುತ್ತದೆಂಬುದನ್ನು ನಾವು ಮೊದಲು ವಿಚಾರಿಸೋಣ.

ಕಂಬವಲ್ಲ, ಬಿಗಿದ ತಂತಿ

ಎತ್ತಿನ ಗಾಡಿಯ ಚಕ್ರದಲ್ಲಿ ಭಾರವು ಅಚ್ಚಿನ ಕೆಳಗಿರುವ ಮರದ ಅರಗಳ ಮೇಲೆ ಬೀಳುತ್ತದೆ. ಅವು ಕಂಬಗಳಂತೆ ನಿಂತು ಅದನ್ನು ಹೊರುತ್ತವೆ. ಸೈಕಲ್ಲಿನ ಕಡ್ಡಿಯು ಕಂಬವಾಗಲಾರದು. ೨ ಮಿಲಿಮೀಟರು ದಪ್ಪದ, ೨೯೦ ಮಿಲಿಮೀಟರು ಉದ್ದದ ಉಕ್ಕಿನ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ, ೨ ಕಿಲೋಗ್ರಾಂ ತೂಕಕ್ಕೇ ಅದು ಬಾಗಿಬಿಡುತ್ತದೆ. ಆಯ್ಲರನ ಸೂತ್ರದಿಂದ ಇದನ್ನು ಯಾರೂ ಲೆಕ್ಕ ಹಾಕಬಹುದು. ಆದರೆ ಅದೇ ಕಡ್ಡಿಯನ್ನು ಎಳೆದರೆ ೧೦೦ ಕಿಲೋಗ್ರಾಂ ತೂಕವನ್ನು ಸುಲಭವಾಗಿ ತಾಳುತ್ತದೆ. ಎಳೆತದ ಕಡ್ಡಿಗಳಿಂದ ಚಕ್ರ ಕಟ್ಟುವ ಕಲ್ಪನೆಯು ಇಂಗ್ಲೆಂಡಿನ ಜಾರ್ಜ್ ಕೇಲಿಗೆ ೧೮೦೮ರಲ್ಲಿಯೇ ಹೊಳೆದಿತ್ತು. ಕಡ್ಡಿಗಳನ್ನು ಹಬ್ಬಿಗೆ ಓರೆಯಾಗಿ ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿಯು ೧೮೭೪ರಲ್ಲಿ ಪೇಟೆಂಟು ಪಡೆದನು.

ಚಕ್ರವನ್ನು ಕಟ್ಟುವಾಗ ನಿಪ್ಪಲ್ಲುಗಳನ್ನು ತಿರುಗಿಸಿ ಪ್ರತಿ ಕಡ್ಡಿಗೂ ಸುಮಾರು ೧೦೦ ಕಿಲೋಗ್ರಾಂ ತೂಕದಷ್ಟು ಬಿಗಿತವನ್ನು ಮೊದಲೇ ಕೊಟ್ಟಿರುತ್ತಾರೆ. ಸವಾರನು ಹತ್ತಿದಾಗ ನೆಲಕ್ಕೆ ಸಮೀಪದ ಕೆಲವು ಕಡ್ಡಿಗಳ ಬಿಗಿತವು ಇಳಿಯುತ್ತದೆ. ಭಾರವನ್ನು ಹೊರುವುದೆಂದರೆ ಇಲ್ಲಿ ಈ ಇಳಿತವೇ. ಬಿಗಿತವು ಸೊನ್ನೆಗೆ ಇಳಿಯದಿರುವವರೆಗೆ ಚಕ್ರಕ್ಕೆ ಭಯವಿಲ್ಲ. ಇಳಿದರೆ ರಿಮ್ಮಿಗೆ ಆ ಸ್ಥಳದಲ್ಲಿ ಪಕ್ಕದ ಆಸರೆ ತಪ್ಪುತ್ತದೆ.

ಈಗ ರಿಮ್ಮಿನ ಪಾಡನ್ನು ನೋಡೋಣ. ೩೬ ಕಡ್ಡಿಗಳು ತಲಾ ೧೦೦ ಕಿಲೋಗ್ರಾಮಿನಂತೆ ಅದನ್ನು ನಡುವಿಗೆ ಎಳೆಯುತ್ತಿವೆ, ಮೊತ್ತ ೩,೬೦೦. ಇದನ್ನು ವೃತ್ತದ ನಿಯಮದಂತೆ ೬.೨೮ರಿಂದ ಭಾಗಿಸಿದರೆ, ರಿಮ್ಮಿನ ಮೈಯುದ್ದಕ್ಕೂ ಸುಮಾರು ೫೭೦ ಕಿಲೋಗ್ರಾಂ ತೂಕದ ಒತ್ತಡವಿದೆಯೆಂದು ತಿಳಿಯುತ್ತದೆ. ಸವಾರನು ಹತ್ತುವುದಕ್ಕೆ ಮೊದಲಿನ ಮಾತಿದು! ಹೀಗೆ ಒತ್ತಿಗೊಂಡ ತೆಳ್ಳನೆಯ ಬಳೆಯು ಪಕ್ಕಕ್ಕೆ ಬಾಗಲು ಸದಾ ಹವಣಿಸುತ್ತಿರುತ್ತದೆ. ಪಕ್ಕದಿಂದ ದೊಡ್ಡ ಪೆಟ್ಟು ಬಿದ್ದಾಗ ಅದು ಕರಿದ ಹಪ್ಪಳದಂತೆ ತಿರುಚಿಕೊಳ್ಳುವುದು ಇದರಿಂದಲೇ.

ಆಕಾರದ ಮಹಿಮೆ

ವಾಚಕರು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬಹುದು. ಎರಡು ಅಂಚೆಕಾರ್ಡುಗಳನ್ನು ಕೊಳವೆಯಂತೆ ಸುತ್ತಿರಿ. ಒಂದರ ಅಂಚುಗಳನ್ನು ಅಂಟಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡು ಕೈಗಳಿಂದ ಹಿಡಿದು ತಿರುಚಿದರೆ, ಅಂಟಿಸದ ಕೊಳವೆಯು ಸಲೀಸಾಗಿ ತಿರುಚಿಕೊಳ್ಳುತ್ತದೆ. ಅಂಟಿಸಿದ ಕೊಳವೆ ಜಗ್ಗುವುದಿಲ್ಲ. ಕಾಗದವು ಒಂದೇ, ಆಕಾರ ಬೇರೆ. ಒಂದೇ ಗೋಡೆಯ ರಿಮ್ಮು ತೆರೆದ ದೋಣಿಯಂತೆ. ಎರಡು ಗೋಡೆಯ ರಿಮ್ಮು ಮುಚ್ಚಿದ ಪೆಟ್ಟಿಗೆಯಂತೆ. ಎರಡನೆಯದಕ್ಕೆ ತಿರುಚುವಿಕೆಯನ್ನು ತಡೆಯುವ ಶಕ್ತಿಯು ಬಹಳ ಹೆಚ್ಚು. ಟೈರು, ರಿಮ್ ಟೇಪುಗಳನ್ನು ತೆಗೆದಾಗ ನಿಪ್ಪಲ್ಲಿನ ತಲೆಗಳು ಮೇಲೆಯೇ ಕಂಡರೆ ಅದು ಒಂದು ಗೋಡೆಯದು. ದೊಡ್ಡ ರಂಧ್ರಗಳೊಳಗೆ ಆಳದಲ್ಲಿ ಕಂಡರೆ ಎರಡು ಗೋಡೆಯದು.

ಉಕ್ಕೋ, ಅಲ್ಯೂಮಿನಿಯಮ್ಮೋ?

ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆತು ಎಂದು ಹಲವರ ನಂಬಿಕೆ. ಒಂದೇ ಗಾತ್ರದ ತುಂಡುಗಳನ್ನು ಹೋಲಿಸಿದರೆ ಅದು ನಿಜ. ಅಲ್ಯೂಮಿನಿಯಮ್ಮಿನ ಬಿಗಿತವು ಉಕ್ಕಿನ ಸುಮಾರು ಮೂರನೆಯ ಒಂದು ಪಾಲು. ಆದರೆ ಅದರ ಸಾಂದ್ರತೆಯು ೨.೭, ಉಕ್ಕಿನದು ೭.೮. ಎಂದರೆ ಅಷ್ಟೇ ತೂಕದಲ್ಲಿ ಸುಮಾರು ಮೂರು ಪಟ್ಟು ದಪ್ಪದ ಪಟ್ಟಿಯನ್ನು ಮಾಡಬಹುದು. ಪಟ್ಟಿಯು ಬಾಗದಿರುವ ಗುಣವು ದಪ್ಪದ ಘನಕ್ಕೆ ಅನುಗುಣವಾದುದರಿಂದ, ಕೊನೆಗೆ ಅಲ್ಯೂಮಿನಿಯಂ ಪಟ್ಟಿಯೇ ಸುಮಾರು ೮ ಪಟ್ಟು ಬಿಗಿಯಾಗುತ್ತದೆ! ಮೇಲಾಗಿ, ಮಳೆಯಲ್ಲಿ ನೆನೆದ ಕ್ರೋಮಿಯಂ ಲೇಪದ ಉಕ್ಕಿನ ರಿಮ್ಮಿನ ಮೇಲೆ ರಬ್ಬರಿನ ಬ್ರೇಕು ಜಾರುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಮೇಲೆ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಮುಂಗಾರಿನಲ್ಲಿ ಸವಾರಿ ಮಾಡುವವರಿಗೆ ಇದೊಂದೇ ಕಾರಣ ಸಾಕು.

ಹಾಗಾದರೆ ಅತಿ ಹಗುರವಾದ ರಿಮ್ಮೇ ಉತ್ತಮವೇ? ರಿಮ್ಮಿನ ಒಂದು ಗ್ರಾಂ ಮುಂದಕ್ಕೂ ಚಲಿಸುತ್ತದೆ, ಸುತ್ತಲೂ ತಿರುಗುತ್ತದೆ. ಆದುದರಿಂದ ವೇಗ ಹೆಚ್ಚಿಸುವಾಗ ಅದು ಎರಡು ಗ್ರಾಮಿಗೆ ಸಮ. ಎರಡೂ ರಿಮ್ಮುಗಳಿಂದ ಒಟ್ಟು ೨೦೦ ಗ್ರಾಂ ಉಳಿಸಿದೆವೆನ್ನೋಣ. ಅದು ೪೦೦ ಗ್ರಾಮಿನ ಉಳಿತಾಯ. ಸವಾರನೂ ಸೈಕಲ್ಲೂ ಸೇರಿ ೮೦ ಕಿಲೋಗ್ರಾಂ ಇದ್ದರೆ ಇದು ೨೦೦ರಲ್ಲಿ ಒಂದು ಪಾಲು ಮಾತ್ರ. ಇಷ್ಟು ಲಾಭಕ್ಕಾಗಿ ಬಲವನ್ನು ಬಿಟ್ಟುಕೊಡುವುದು ಹೊಸಬನಿಗೆ ತಕ್ಕುದಲ್ಲ.

ಆರಿಸುವಾಗ

ಹೊಸ ಸವಾರನಿಗೆ ಎರಡು ಗೋಡೆಯ, ೩೬ ಕಡ್ಡಿಗಳ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮು ಒಪ್ಪುತ್ತದೆ. ಹಗುರ ಮೈಯವನಿಗೆ ೩೨ ಸಾಕು. ರಂಧ್ರಗಳ ಸಂಖ್ಯೆಯು ಹಬ್ಬಿನೊಡನೆ ಹೊಂದಬೇಕು. ಅಳತೆಯಲ್ಲಿ ಅಂಗುಲದ ಹೆಸರನ್ನು ನಂಬಲಾಗದು: ‘೨೮ ಅಂಗುಲ’ವೆಂಬ ಹೆಸರಿನಲ್ಲಿ ೬೨೨ ಮಿಲಿಮೀಟರಿನದೂ ಇದೆ, ೬೩೫ರದೂ ಇದೆ. ಟೈರಿನ ಮೇಲೆ ‘೩೭-೬೨೨’ ಎಂಬಂತೆ ಅಚ್ಚಾಗಿರುವ ಅಂಕಿಯನ್ನೇ ನೋಡಬೇಕು. ಟೈರು ಅಗಲವಾಗಿದ್ದು ಗಾಳಿಯು ತಕ್ಕಷ್ಟಿದ್ದರೆ ಕಲ್ಲಿನ ಪೆಟ್ಟು ನೇರವಾಗಿ ರಿಮ್ಮಿಗೆ ತಟ್ಟುವುದಿಲ್ಲ.

ಕೊಂಡ ಮೇಲೆ ತಿಂಗಳಿಗೊಮ್ಮೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳಬೇಕು. ವೀಣೆಯ ತಂತಿಯಂತೆಯೇ ಇಲ್ಲಿಯೂ ಬಿಗಿ ಹೆಚ್ಚಾದಷ್ಟೂ ಶ್ರುತಿ ಏರುತ್ತದೆ. ಒಂದೇ ಪಕ್ಕದ ಕಡ್ಡಿಗಳು ಹೆಚ್ಚು ಕಡಮೆ ಒಂದೇ ಸ್ವರವನ್ನು ಕೊಡಬೇಕು. ಹಿಂದಿನ ಚಕ್ರದಲ್ಲಿ ಮಾತ್ರ ಸರಪಣಿಯ ಪಕ್ಕದ್ದು ಮೇಲಿನ ಶ್ರುತಿಯಲ್ಲಿರುತ್ತದೆ. ಯಾವುದಾದರೂ ಕಡ್ಡಿ ಮಂಕಾಗಿ ನುಡಿದರೆ ಅಂದೇ ಅಂಗಡಿಗೆ ಒಯ್ದು ಬಿಗಿಸಿ ಬೆಂಡು ತೆಗೆಸಬೇಕು. ಬ್ರೇಕು ತಾಗುವ ಗೋಡೆಯು ಸವೆದು ಒಳಕ್ಕೆ ಬಾಗಿದ್ದರೆ, ಅಥವಾ ನಿಪ್ಪಲ್ಲಿನ ಬಳಿ ಬಿರುಕು ಕಂಡರೆ, ಆ ರಿಮ್ಮನ್ನು ಬಿಟ್ಟುಬಿಡುವುದೇ ಕ್ಷೇಮ. ಹೊಳಪು ಕಣ್ಣಿಗೆ ಬೀಳುತ್ತದೆ, ಬಿಗಿತವು ಕಿವಿಗೆ ಕೇಳುತ್ತದೆ. ಸವಾರನನ್ನು ಮನೆ ಮುಟ್ಟಿಸುವುದು ಎರಡನೆಯದು.