ಅಂಚೆಯವರ ವಂತಿಗೆ: ಕೊಡುವುದೂ ಹಕ್ಕು, ಒಲ್ಲೆ ಎನ್ನುವುದೂ ಹಕ್ಕು

ಕ್ರಿಸ್‌ಮಸ್ ಹೊತ್ತಿಗೆ ಆನ್ ಪೋಸ್ಟ್‌ನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸಕ್ಕೆ ನಿಮ್ಮಲ್ಲಿ ಕೆಲವರು ಹೋಗಿರಬಹುದು. ಕೆಲಸ ಕಾಯಂ ಆಗಿ ಯೂನಿಯನ್ ಸೇರಿದರೆ, ಸಂಬಳದ ಚೀಟಿಯಲ್ಲಿ ಚಂದಾ ಕಡಿತ ಕಾಣಿಸುತ್ತದೆ. ಆ ಹಣದಲ್ಲಿ ಸ್ವಲ್ಪ ರಾಜಕೀಯಕ್ಕೂ ಹೋಗಬಹುದೇ? ಹೋಗುವುದಾದರೆ ನಿಮ್ಮನ್ನು ಕೇಳಬೇಡವೇ?

ಅಂಚೆಯವರಿಗೇಕೆ ರಾಜಕೀಯ ಎನ್ನುವವರು ಒಂದನ್ನು ಮರೆಯುತ್ತಾರೆ: ಅವರ ಧಣಿಯೇ ಸರ್ಕಾರ. 1922ರ ಸೆಪ್ಟೆಂಬರ್‌ನಲ್ಲಿ, ಹೊಸ ರಾಜ್ಯ ಇನ್ನೂ ಕಣ್ಣು ಬಿಡುತ್ತಿದ್ದಾಗ, ಸಂಬಳ ಕಡಿತದ ವಿರುದ್ಧ ಐರ್ಲೆಂಡಿನ ಅಂಚೆ ನೌಕರರು ಮುಷ್ಕರ ಹೂಡಿದರು. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಎಂದಿತು ಸರ್ಕಾರ. ಮುಂದೆ ಅಂಚೆ ನೌಕರರ ಸಂಘದ ಕಾರ್ಯದರ್ಶಿ ವಿಲಿಯಂ ನಾರ್ಟನ್ 1932ರಲ್ಲಿ ಲೇಬರ್ ಪಕ್ಷದ ನಾಯಕರಾದರು, 1948ರಲ್ಲಿ ಟಾನಿಷ್ಟ, ಅಂದರೆ ಉಪಪ್ರಧಾನಿ. 1984ರಲ್ಲಿ ಅಂಚೆ ಇಲಾಖೆ ಆನ್ ಪೋಸ್ಟ್ ಎಂಬ ಕಂಪನಿಯಾಯಿತು. ಮಾಲೀಕ ಮಾತ್ರ ಈಗಲೂ ಸರ್ಕಾರವೇ.

ಹಣದ ಕಥೆ ಶುರುವಾಗುವುದು ವಾಲ್ಟರ್ ಆಸ್ಬರ್ನ್ ಎಂಬ ರೈಲ್ವೆ ಪೋರ್ಟರ್‌ನಿಂದ. ನನ್ನ ಚಂದಾ ಲೇಬರ್ ಪಕ್ಷಕ್ಕೇಕೆ ಹೋಗಬೇಕು ಎಂದು ಆತ ಲಂಡನ್ನಿನಲ್ಲಿ ದಾವೆ ಹೂಡಿ, 1909ರಲ್ಲಿ ಗೆದ್ದ. ಸಂಘಗಳ ರಾಜಕೀಯ ಖರ್ಚೇ ನಿಂತುಹೋಯಿತು. ಅದಕ್ಕೆ ಪರಿಹಾರವಾಗಿ ಬಂದದ್ದು 1913ರ ಕಾಯ್ದೆ. ಐರ್ಲೆಂಡ್ ಸ್ವತಂತ್ರವಾದ ಮೇಲೂ ಅದು ಇಲ್ಲಿ ಉಳಿಯಿತು. ಅಭ್ಯರ್ಥಿಯ ಚುನಾವಣಾ ಖರ್ಚಿನಂಥ ಕೆಲಸಕ್ಕೆ ಸಂಘ ಹಣ ಕೊಡಬೇಕಾದರೆ ಮೊದಲು ಸದಸ್ಯರ ಮತದಾನ ನಡೆಯಬೇಕು. ನಿಧಿ ಬೇರೆಯೇ ಇರಬೇಕು. ಬೇಡ ಎಂದು ಬರೆದುಕೊಟ್ಟವರಿಗೆ ವಿನಾಯಿತಿ ಸಿಗಬೇಕು. ವಿನಾಯಿತಿ ಪಡೆದವರ ಇತರ ಸವಲತ್ತು ತಪ್ಪಿಸುವಂತಿಲ್ಲ. ಊರಿನ ಅಂಚೆ ಕಚೇರಿ ಮುಚ್ಚಬೇಡಿ ಎಂದು ಟಿಡಿಗಳ ಬಾಗಿಲು ತಟ್ಟುವುದು ಬೇರೆ ಮಾತು; ಅದು ಸಂಘದ ದಿನನಿತ್ಯದ ಕೆಲಸ.

ಊರ ಜಾತ್ರೆಗೆ ಮನೆಮನೆ ವಂತಿಗೆ ಎತ್ತುವುದನ್ನು ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಕಡ್ಡಾಯವೇನಲ್ಲ, ಆದರೆ ಇಲ್ಲ ಎನ್ನಲು ಗುಂಡಿಗೆ ಬೇಕು. ಸುಮ್ಮನಿದ್ದರೆ ಒಪ್ಪಿಗೆ ಎನ್ನುವ 1913ರ ಪದ್ಧತಿಯೂ ಹೆಚ್ಚುಕಡಿಮೆ ಹಾಗೆಯೇ. ಬೆಲ್‌ಫಾಸ್ಟ್‌ನಲ್ಲಿ 1927ರಿಂದ ಇದು ತಿರುಗುಮುರುಗು: ಒಪ್ಪಿ ಬರೆದುಕೊಟ್ಟವರಿಂದ ಮಾತ್ರ ಪಡೆಯಬೇಕು. ಸೋಮಾರಿತನವನ್ನು ಸಮ್ಮತಿ ಎಂದು ಎಣಿಸದ ಈ ಪದ್ಧತಿಯೇ ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ನಿಧಿ ಬಡವಾದರೂ ಸರಿ.

ಭಾರತದ 1926ರ ಕಾಯ್ದೆಯೂ ರಾಜಕೀಯ ನಿಧಿ ಬೇರೆಯಿರಲಿ, ಯಾರನ್ನೂ ಒತ್ತಾಯಿಸಬೇಡಿ ಎಂದಿತ್ತು. ಆದರೆ ಅಲ್ಲಿನ ಅಂಚೆಯಣ್ಣ ಸರ್ಕಾರಿ ನಡತೆ ನಿಯಮಗಳಿಗೆ ಒಳಪಟ್ಟವನು. ಸ್ವಂತ ಇಚ್ಛೆಯಿಂದಲೂ ಪಕ್ಷಕ್ಕೆ ಚಂದಾ ಕೊಡುವಂತಿಲ್ಲ. 2023ರ ಏಪ್ರಿಲ್‌ನಲ್ಲಿ ಅಂಚೆ ಇಲಾಖೆ ಎನ್‌ಎಫ್‌ಪಿಇ ಒಕ್ಕೂಟದ ಮಾನ್ಯತೆ ಹಿಂತೆಗೆದುಕೊಂಡಿತು. ರೈತ ಹೋರಾಟಕ್ಕೆ ಹಣ ಕೊಟ್ಟದ್ದೂ ಆರೋಪಗಳಲ್ಲಿ ಒಂದು. ಬೆಂಗಳೂರಿನಲ್ಲಿ ಕೆಲಸಕ್ಕೇ ಕುತ್ತು ತರಬಹುದಾದ ಕೊಡುಗೆಯನ್ನು ಡಬ್ಲಿನ್ನಿನ ಅಂಚೆಯವನು ನಿರ್ಭಯವಾಗಿ ಕೊಡಬಹುದು.

ಯೂನಿಯನ್ ಫಾರ್ಮ್ ಕೈಗೆ ಬಂದಾಗ ನಿಯಮಾವಳಿ ಕೇಳಿ ಪಡೆಯಿರಿ. ರಾಜಕೀಯ ನಿಧಿ ಇದೆಯೇ, ಇದ್ದರೆ ವಾರಕ್ಕೆ ಎಷ್ಟು ಸೆಂಟ್, ವಿನಾಯಿತಿ ಪತ್ರ ಯಾರ ಬಳಿ ಸಿಗುತ್ತದೆ ಎಂದು ಶಾಖಾ ಕಾರ್ಯದರ್ಶಿಯನ್ನೇ ಕೇಳಿ. ಅದನ್ನು ಹೇಳುವುದು ಅವರ ಕೆಲಸ.